ಹಳೆಯ ಟ್ಯಾಬ್ಲೆಟ್ಟಿನಲ್ಲಿ ಚಿತ್ರವೇಕೆ ಓಡದು?

ಮನೆಯಲ್ಲಿ ಏಳೆಂಟು ವರ್ಷಗಳ ಹಿಂದೆ ಕೊಂಡ ಟ್ಯಾಬ್ಲೆಟ್ ಒಂದಿದೆ ಎಂದಿಟ್ಟುಕೊಳ್ಳೋಣ. ಅದರ ಗಾಜು ಒಡೆದಿಲ್ಲ. ಬ್ಯಾಟರಿಯು ಇನ್ನೂ ಮೂರು ನಾಲ್ಕು ಗಂಟೆ ತಾಳುತ್ತದೆ. ಪುಸ್ತಕ ಓದುವುದಕ್ಕೂ ಹಾಡು ಕೇಳುವುದಕ್ಕೂ ಅಡ್ಡಿಯಿಲ್ಲ. ಆದರೆ ಅಂತರ್ಜಾಲದ ಮೂಲಕ ಚಲನಚಿತ್ರಗಳನ್ನು ಹರಿಸಿ ತೋರಿಸುವ ಸೇವೆಯೊಂದನ್ನು ಅದರಲ್ಲಿ ತೆರೆಯಹೊರಟರೆ, ‘ಈ ಉಪಕರಣಕ್ಕೆ ಬೆಂಬಲವಿಲ್ಲ’ ಎಂಬ ಒಂದು ಸಾಲು ತೋರುತ್ತದೆ. ಅಷ್ಟೆ, ಕಾರಣವಿಲ್ಲ, ವಿವರಣೆಯಿಲ್ಲ. ಇದನ್ನು ಕಂಡ ಮನೆಯವರು ಯಂತ್ರವು ಕೆಟ್ಟಿತೆಂದು ಬಗೆದು ಮೂಲೆಗೆ ಹಾಕುತ್ತಾರೆ, ಇಲ್ಲವೆ ಸಾಲ ಮಾಡಿಯಾದರೂ ಹೊಸದನ್ನು ತರುತ್ತಾರೆ. ಓದುವ ಮಕ್ಕಳಿಗೆಲ್ಲ ಒಂದೇ ಟ್ಯಾಬ್ಲೆಟ್ ಇರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಜ್ವರವೆಂಬುದು ಒಂದು ರೋಗವಲ್ಲ, ಹಲವು ರೋಗಗಳಿಗೆ ಸಾಮಾನ್ಯವಾದ ಲಕ್ಷಣ ಎಂದು ವೈದ್ಯರು ಹೇಳುತ್ತಾರಷ್ಟೆ. ‘ಬೆಂಬಲವಿಲ್ಲ’ ಎಂಬ ಮಾತೂ ಹಾಗೆಯೇ. ಅದರ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕಾರಣಗಳು ಅಡಗಿರಬಹುದು. ಅವುಗಳಲ್ಲಿ ಒಂದು ಮಾತ್ರವೇ ಯಂತ್ರದ ಅಶಕ್ತಿ. ಉಳಿದ ಮೂರೂ ಮನುಷ್ಯರು ಮಾಡಿಕೊಂಡ ಏರ್ಪಾಡುಗಳು. ಯಾವುದು ಯಾವುದೆಂದು ಬೇರ್ಪಡಿಸಿ ತಿಳಿಯುವ ಬಗೆಯನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಚಿತ್ರವು ಬರುವ ದಾರಿ

ಚಲಿಸುವ ಚಿತ್ರವೆಂಬುದು ವಾಸ್ತವವಾಗಿ ನಿಶ್ಚಲ ಚಿತ್ರಗಳ ಸಾಲು. ಇವುಗಳಲ್ಲಿ ಒಂದೊಂದನ್ನೂ ಫ್ರೇಮ್ ಎಂದು ಕರೆಯುತ್ತಾರೆ. ಸೆಕೆಂಡಿಗೆ 25 ಫ್ರೇಮ್‌ಗಳು ಕಣ್ಣಮುಂದೆ ಹಾದುಹೋದರೆ ಅವು ಬಿಡಿಬಿಡಿಯಾಗಿ ತೋರದೆ ಒಂದೇ ಚಲನೆಯಾಗಿ ತೋರುತ್ತವೆ. ಅಗಲದಲ್ಲಿ 1920, ಎತ್ತರದಲ್ಲಿ 1080 ಚುಕ್ಕೆಗಳುಳ್ಳ ಫ್ರೇಮ್ ಒಂದರಲ್ಲಿ 20,73,600 ಚುಕ್ಕೆಗಳು, ಅಂದರೆ ಪಿಕ್ಸೆಲ್‌ಗಳು, ಇರುತ್ತವೆ. ಪ್ರತಿಯೊಂದು ಪಿಕ್ಸೆಲ್ಲಿನ ಕೆಂಪು, ಹಸಿರು, ನೀಲಿ ಅಂಶಗಳಿಗೆ ತಲಾ 8 ಬಿಟ್‌ಗಳಂತೆ 24 ಬಿಟ್‌ಗಳು ಬೇಕು. ಹೀಗಾಗಿ ಒಂದು ಸೆಕೆಂಡಿನ ಚಿತ್ರಕ್ಕೆ

20,73,600 × 24 × 25 = 124,41,60,000

ಬಿಟ್‌ಗಳು, ಅಂದರೆ ಸುಮಾರು 124 ಕೋಟಿ ಬಿಟ್‌ಗಳು ಆಗುತ್ತವೆ. ಆದರೆ ಈ ಗಾತ್ರದ ಚಿತ್ರವನ್ನು ಮನೆಗಳಿಗೆ ತಲುಪಿಸುವಾಗ ಬಳಕೆಯಾಗುವುದು ಸೆಕೆಂಡಿಗೆ ಸುಮಾರು 50 ಲಕ್ಷ ಬಿಟ್‌ಗಳು ಮಾತ್ರ. ಇನ್ನೂರೈವತ್ತು ಮೂಟೆಗಳನ್ನು ಒಂದು ಮೂಟೆಯಲ್ಲಿ ಅಡಕಿದಂತಾಯಿತು! ಇದು ಹೇಗೆ ಸಾಧ್ಯ?

ಎರಡು ಉಪಾಯಗಳಿಂದ ಇದು ಸಾಧ್ಯವಾಗುತ್ತದೆ. ಮೊದಲನೆಯದಾಗಿ, ಒಂದು ಫ್ರೇಮಿಗೂ ಅದರ ಮುಂದಿನ ಫ್ರೇಮಿಗೂ ಬಹಳ ವ್ಯತ್ಯಾಸವಿರುವುದಿಲ್ಲ. ಪಾಠ ಹೇಳುವ ಅಧ್ಯಾಪಕರ ಕೈ ಚಲಿಸಬಹುದು, ಹಿಂದಿನ ಕರಿಹಲಗೆ ಚಲಿಸದು. ಆದ್ದರಿಂದ ಕರಿಹಲಗೆಯನ್ನು ಪ್ರತಿಸಲವೂ ಕಳುಹಿಸದೆ, ಬದಲಾದ ಭಾಗವನ್ನೂ ಅದು ಸರಿದ ದಿಕ್ಕನ್ನೂ ಮಾತ್ರ ಕಳುಹಿಸಿದರೆ ಸಾಕು. ಎರಡನೆಯದಾಗಿ, ಫ್ರೇಮನ್ನು ಸಣ್ಣ ಸಣ್ಣ ಚೌಕಗಳಾಗಿ ವಿಭಾಗಿಸಿ, ಒಂದೊಂದು ಚೌಕದ ಬೆಳಕಿನ ಏರಿಳಿತವನ್ನು ಕೆಲವು ಕೊಸೈನ್ ಅಲೆಗಳ ಮೊತ್ತವಾಗಿ ಬರೆಯುತ್ತಾರೆ. ಅವುಗಳಲ್ಲಿ ಕಣ್ಣು ಗುರುತಿಸಲಾರದಷ್ಟು ದುರ್ಬಲವಾದ ಅಲೆಗಳನ್ನು ಕೈಬಿಡುತ್ತಾರೆ. ಶಬ್ದವನ್ನು ಶುದ್ಧ ಸ್ವರಗಳಾಗಿ ವಿಶ್ಲೇಷಿಸಬಹುದೆಂದು ಭೌತಶಾಸ್ತ್ರದ ವಿದ್ಯಾರ್ಥಿಗಳು ಓದಿರುತ್ತಾರೆ. ಇದು ಬೆಳಕಿನ ಹಂಚಿಕೆಗೆ ಮಾಡಿದ ಅದೇ ಬಗೆಯ ವಿಶ್ಲೇಷಣೆ.

ಈ ಕೊಸೈನ್ ರೂಪಾಂತರವನ್ನು ಕಲ್ಪಿಸಿದವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಿಂದ 1961ರಲ್ಲಿ ಪದವಿ ಪಡೆದ ನಾಸಿರ್ ಅಹಮದ್ ಅವರು ಎಂಬುದು ನಾವು ತಿಳಿದಿರಬೇಕಾದ ಸಂಗತಿ. ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದಾಗ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಸೇರಿ 1974ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇಂದು ಜಗತ್ತಿನಲ್ಲಿ ಹರಿದಾಡುವ ಚಿತ್ರಗಳ ಬಹುಭಾಗವು ಈ ರೂಪಾಂತರದ, ಇಲ್ಲವೆ ಅದರಿಂದ ಹುಟ್ಟಿದ ವಿಧಾನಗಳ ಆಧಾರದ ಮೇಲೆ ನಿಂತಿದೆ.

ಹೀಗೆ ಅಡಕಿದ ಚಿತ್ರವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಬೀಗ ಹಾಕಿ, ಸೇವೆಯವರು ತಮ್ಮ ಸರ್ವರುಗಳಲ್ಲಿ ಇಟ್ಟಿರುತ್ತಾರೆ. ಅದು ನಮ್ಮ ಪರದೆಯ ಮೇಲೆ ಚಿತ್ರವಾಗಿ ಮೂಡಬೇಕಾದರೆ ನಾಲ್ಕು ಬಾಗಿಲುಗಳನ್ನು ದಾಟಿ ಬರಬೇಕು. ಒಂದೊಂದನ್ನಾಗಿ ನೋಡೋಣ.

ಮೊದಲನೆಯ ಬಾಗಿಲು: ಹೆಸರು

ಟ್ಯಾಬ್ಲೆಟ್ಟಿನಲ್ಲಿ ಓಡುವ ಪ್ರತಿಯೊಂದು ಆಪ್ ಸಹ ಅದರ ಮೂಲ ತಂತ್ರಾಂಶವಾದ ಆಂಡ್ರಾಯ್ಡ್, ಐಓಎಸ್ ಮುಂತಾದವುಗಳನ್ನು ನೆಚ್ಚಿಕೊಂಡಿರುತ್ತದೆ. ಈ ಮೂಲ ತಂತ್ರಾಂಶಕ್ಕೆ ಆವೃತ್ತಿಯ ಸಂಖ್ಯೆಯೊಂದಿದೆ. ‘ಇಂಥ ಸಂಖ್ಯೆಗಿಂತ ಹಳೆಯದಾದಲ್ಲಿ ನಾನು ಓಡಲಾರೆ’ ಎಂದು ಆಪ್ ತನ್ನೊಳಗೆ ಬರೆದುಕೊಂಡಿರುತ್ತದೆ. 2010ರ ಮೊದಲ ಐಪ್ಯಾಡ್ ಐಓಎಸ್ 5.1.1ಕ್ಕೆ ನಿಂತಿತು, 2011ರ ಐಪ್ಯಾಡ್ 2 ಐಓಎಸ್ 9.3ರ ಶ್ರೇಣಿಯಿಂದ ಮುಂದೆ ಹೋಗಲಿಲ್ಲ. ಹೊಸ ಆಪ್‌ಗಳು ಇವುಗಳನ್ನು ಬಾಗಿಲಲ್ಲೇ ತಡೆಯುತ್ತವೆ.

ಕೆಲವು ವೇಳೆ ತಡೆಯುವುದು ಸಂಖ್ಯೆಯಲ್ಲ, ಹೆಸರಿನ ಪಟ್ಟಿ. ನೆಟ್‌ಫ್ಲಿಕ್ಸ್ ಸೇವೆಯು 2011ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಆಂಡ್ರಾಯ್ಡ್ ಆಪ್ ಹೊರತಂದಾಗ, ಅದಕ್ಕೆ ಅರ್ಹವೆಂದು ಸಾರಿದ್ದು ಐದೇ ಐದು ಫೋನುಗಳನ್ನು. ಆಂಡ್ರಾಯ್ಡ್ ಉಪಕರಣಗಳಿಗೆಲ್ಲ ಸಮಾನವಾದ ಬೀಗದ ವ್ಯವಸ್ಥೆ ಇಲ್ಲವೆಂದು ಆ ಸಂಸ್ಥೆಯು 2010ರ ನವೆಂಬರಿನಲ್ಲಿಯೇ ಹೇಳಿತ್ತು. ಆದ್ದರಿಂದ ಉಪಕರಣಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ ಪಟ್ಟಿಗೆ ಸೇರಿಸಬೇಕಾಯಿತು. ಆಗ ಕುತೂಹಲಿಗಳಾದ ಕೆಲವು ಬಳಕೆದಾರರು, ತಮ್ಮ ಯಂತ್ರದೊಳಗೆ ಅದರ ಹೆಸರನ್ನು ಬರೆದಿಡುವ ಕಡತವನ್ನು ತಿದ್ದಿ, ಪಟ್ಟಿಯಲ್ಲಿದ್ದ ಫೋನಿನ ಹೆಸರನ್ನು ಅಲ್ಲಿ ಬರೆದರು. ಕೆಲವು ಯಂತ್ರಗಳಲ್ಲಿ ಚಿತ್ರ ಓಡಿತು, ಕೆಲವುಗಳಲ್ಲಿ ಓಡಲಿಲ್ಲ. ಇದೊಂದು ಒಳ್ಳೆಯ ಪ್ರಯೋಗವೇ ಸರಿ. ಓಡಿದ ಯಂತ್ರಗಳಿಗೆ ಶಕ್ತಿಯಿತ್ತು, ಹೆಸರಿರಲಿಲ್ಲ. ಓಡದ ಯಂತ್ರಗಳಿಗೆ ಹೆಸರು ದೊರೆತರೂ ಮುಂದಿನ ಬಾಗಿಲುಗಳಲ್ಲಿ ಯಾವುದೋ ಒಂದು ಮುಚ್ಚಿತ್ತು.

ಅದೇ ವರ್ಷದ ಮತ್ತೊಂದು ದೃಷ್ಟಾಂತ. ಎಚ್‌ಪಿ ಕಂಪನಿಯ ಟಚ್‌ಪ್ಯಾಡ್ ಎಂಬ ಟ್ಯಾಬ್ಲೆಟ್ 2011ರ ಜುಲೈ 1ರಂದು ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಅದರ ಮೂಲ ತಂತ್ರಾಂಶ ವೆಬ್‌ಓಎಸ್. ಏಳೇ ವಾರಗಳಲ್ಲಿ, ಆಗಸ್ಟ್ 18ರಂದು, ಕಂಪನಿಯು ಅದನ್ನು ಕೈಬಿಟ್ಟಿತು; ಉಳಿದ ದಾಸ್ತಾನನ್ನು 99 ಡಾಲರಿನಿಂದ ಆರಂಭವಾಗುವ ಬೆಲೆಗೆ ಮಾರಿ ಮುಗಿಸಿದರು. ಆದರೆ ಅಕ್ಟೋಬರಿನಲ್ಲಿಯೇ ಸ್ವಯಂಸೇವಕರ ಗುಂಪೊಂದು ಸೈನೋಜೆನ್‌ಮಾಡ್ ಎಂಬ ಆಂಡ್ರಾಯ್ಡ್ ರೂಪವನ್ನು ಅದಕ್ಕೆ ಹೊಂದಿಸಿಕೊಟ್ಟಿತು. ವೆಬ್‌ಓಎಸ್‌ಗೆ ಬರೆಯದಿದ್ದ ಎಷ್ಟೋ ಆಪ್‌ಗಳನ್ನು ಆ ಟ್ಯಾಬ್ಲೆಟ್ಟಿಗೆ ಹಾಕಲು ಇದರಿಂದ ದಾರಿಯಾಯಿತು. ಒಳಗಿನ ಸಿಲಿಕಾನ್ ಒಂದು ಕಣವೂ ಬದಲಾಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ಎರಡನೆಯ ಬಾಗಿಲು: ಗುರುತು

ಆಪ್ ತೆರೆಯಿತು ಎನ್ನೋಣ. ಅದು ಈಗ ಸೇವೆಯ ಸರ್ವರಿನೊಡನೆ ಮಾತನಾಡಬೇಕು. ಎದುರಿಗಿರುವುದು ನಿಜವಾದ ಸರ್ವರೋ ಮೋಸಗಾರನೋ ಎಂದು ತಿಳಿಯುವುದು ಹೇಗೆ? ಸರ್ವರು ತನ್ನ ಪ್ರಮಾಣಪತ್ರವನ್ನು ತೋರಿಸುತ್ತದೆ. ಆ ಪತ್ರಕ್ಕೆ ಸಹಿ ಹಾಕಿದವರಿಗೆ ಇನ್ನೊಬ್ಬರು ಸಹಿ ಹಾಕಿರುತ್ತಾರೆ. ಹೀಗೆ ಸಾಗುವ ಸರಪಳಿಯ ಕೊನೆಯಲ್ಲಿ ಕೆಲವೇ ಮೂಲ ಸಂಸ್ಥೆಗಳಿರುತ್ತವೆ. ಅವುಗಳ ಪಟ್ಟಿಯನ್ನು ಟ್ಯಾಬ್ಲೆಟ್ ತಯಾರಾಗುವಾಗಲೇ ಅದರಲ್ಲಿ ಇಟ್ಟಿರುತ್ತಾರೆ. ಈ ಪ್ರಮಾಣಪತ್ರಗಳಿಗೆ ಅವಧಿಯುಂಟು. 2021ರ ಸೆಪ್ಟೆಂಬರ್ 30ರಂದು ಬಹು ಬಳಕೆಯಲ್ಲಿದ್ದ ಮೂಲ ಪ್ರಮಾಣಪತ್ರವೊಂದರ ಅವಧಿ ಮುಗಿದಾಗ, ಹೊಸ ಪಟ್ಟಿಯನ್ನು ಪಡೆಯದ ಅನೇಕ ಹಳೆಯ ಉಪಕರಣಗಳಿಗೆ ಅಸಂಖ್ಯ ಜಾಲತಾಣಗಳು ಒಂದೇ ದಿನದಲ್ಲಿ ಅಪರಿಚಿತವಾದವು. ಹಳೆಯ ರೂಪಾಯಿ ನೋಟನ್ನು ಅಂಗಡಿಯವನು ಒಲ್ಲೆನೆಂದರೆ ನಮ್ಮ ಹಸಿವೆ ಹೇಗೆ ಸುಳ್ಳಾಗುವುದಿಲ್ಲವೋ ಹಾಗೆ, ಇಲ್ಲಿಯೂ ಯಂತ್ರದ ಶಕ್ತಿ ಕುಗ್ಗಿರುವುದಿಲ್ಲ. ಅದರ ಕೈಯಲ್ಲಿರುವ ಕಾಗದ ಹಳೆಯದಾಗಿರುತ್ತದೆ.

ಈ ಬಾಗಿಲಿನಲ್ಲಿ ಅತಿ ಸುಲಭವಾದ ಒಂದು ಪರೀಕ್ಷೆಯುಂಟು. ಬ್ಯಾಟರಿ ಪೂರ್ತಿ ಬರಿದಾಗಿ ಬಹುಕಾಲ ಬಿದ್ದಿದ್ದ ಟ್ಯಾಬ್ಲೆಟ್ಟಿನ ಗಡಿಯಾರವು ಕೆಲವೊಮ್ಮೆ 1970ನೆಯ ಇಸವಿಗೆ ಹಿಂದೆ ಸರಿಯುತ್ತದೆ. ಆ ಯಂತ್ರದ ಲೆಕ್ಕಕ್ಕೆ ಇಂದಿನ ಪ್ರಮಾಣಪತ್ರಗಳೆಲ್ಲ ಇನ್ನೂ ಹುಟ್ಟಿಯೇ ಇಲ್ಲ! ದಿನಾಂಕವನ್ನು ಸರಿಪಡಿಸಿದೊಡನೆ ಬಾಗಿಲು ತೆರೆಯುತ್ತದೆ. ಹಾಗಾಗದಿದ್ದಲ್ಲಿ, ಪ್ರಮಾಣಪತ್ರಗಳ ಪಟ್ಟಿಯನ್ನು ತಾನೇ ಹೊತ್ತು ತರುವ ಬ್ರೌಸರ್ ಒಂದನ್ನು ಆಂಡ್ರಾಯ್ಡ್ ಟ್ಯಾಬ್ಲೆಟ್ಟಿನಲ್ಲಿ ಹಾಕಿ ನೋಡಬಹುದು.

ಮೂರನೆಯ ಬಾಗಿಲು: ಕೀಲಿಕೈ

ಬೀಗ ಹಾಕಿದ ತುಂಡುಗಳು ಬಂದಿವೆ. ಕೀಲಿಕೈ ಬೇರೆಯಾಗಿ ಬರಬೇಕು. ಇಲ್ಲಿ ಪ್ರಶ್ನೆ ಹಿಂದುಮುಂದಾಗುತ್ತದೆ. ಎರಡನೆಯ ಬಾಗಿಲಿನಲ್ಲಿ ಟ್ಯಾಬ್ಲೆಟ್ಟು ಸರ್ವರನ್ನು ನಂಬಬೇಕಾಗಿತ್ತು. ಇಲ್ಲಿ ಸರ್ವರು ಟ್ಯಾಬ್ಲೆಟ್ಟನ್ನು ನಂಬಬೇಕು. ‘ಕೀಲಿಕೈ ಕೊಟ್ಟರೆ ನೀನು ಚಿತ್ರವನ್ನು ನಕಲು ಮಾಡಲು ಬಿಡುವುದಿಲ್ಲವಷ್ಟೆ?’ ಎಂದು ಅದು ಕೇಳುತ್ತದೆ. ಆಂಡ್ರಾಯ್ಡ್ ಯಂತ್ರಗಳಲ್ಲಿ ಇದಕ್ಕೆ ಉತ್ತರ ಕೊಡುವ ವ್ಯವಸ್ಥೆಗೆ ವೈಡ್‌ವೈನ್ ಎಂದು ಹೆಸರು. ಆ ಹೆಸರಿನ ಸಂಸ್ಥೆಯನ್ನು ಗೂಗಲ್ 2010ರಲ್ಲಿ ಕೊಂಡುಕೊಂಡಿತು.

ವೈಡ್‌ವೈನಿನಲ್ಲಿ ಎಲ್1, ಎಲ್2, ಎಲ್3 ಎಂಬ ದರ್ಜೆಗಳಿವೆ. ಎಲ್1 ದರ್ಜೆಯ ಯಂತ್ರದಲ್ಲಿ ಬೀಗ ತೆರೆಯುವ ಕೆಲಸವೂ ಚಿತ್ರವನ್ನು ಬಿಡಿಸುವ ಕೆಲಸವೂ ಪ್ರೊಸೆಸರಿನ ಪ್ರತ್ಯೇಕವಾದ ಕೋಣೆಯೊಂದರಲ್ಲಿ ನಡೆಯುತ್ತವೆ. ಮೂಲ ತಂತ್ರಾಂಶಕ್ಕೂ ಅಲ್ಲಿ ಇಣುಕಲು ಅನುಮತಿಯಿಲ್ಲ. ಎಲ್3ರಲ್ಲಿ ಇಂಥ ಕೋಣೆಯಿಲ್ಲ. ಎಲ್ಲವೂ ಸಾಮಾನ್ಯ ತಂತ್ರಾಂಶದಲ್ಲಿಯೇ ನಡೆಯುತ್ತದೆ. ಆದುದರಿಂದ ಅನೇಕ ಸೇವೆಗಳು ಎಲ್3 ಯಂತ್ರಕ್ಕೆ ಸುಮಾರು 480 ಸಾಲುಗಳ ಸಾಧಾರಣ ಚಿತ್ರವನ್ನು ಮಾತ್ರ ಕೊಡುತ್ತವೆ. ಪರದೆ ಎಷ್ಟೇ ಉತ್ತಮವಾಗಿರಲಿ, ಪ್ರೊಸೆಸರ್ ಎಷ್ಟೇ ವೇಗವಾಗಿರಲಿ, ಚಿತ್ರವು ಮಸುಕಾಗಿಯೇ ಬರುತ್ತದೆ. ಇದು ಬೆಳಕಿನ ನಿಯಮವಲ್ಲ, ಒಪ್ಪಂದದ ನಿಯಮ.

ಮೊದಲನೆಯ ಬಾಗಿಲನ್ನು ತೆರೆಯುವ ಆತುರದಲ್ಲಿ ಮೂರನೆಯ ಬಾಗಿಲು ಮುಚ್ಚಿಹೋಗುವ ಅಪಾಯವೂ ಉಂಟು. ಕಂಪನಿಯ ತಂತ್ರಾಂಶವನ್ನು ತೆಗೆದು ಬೇರೊಂದನ್ನು ಹಾಕಲು ಯಂತ್ರದ ಮೂಲ ಬೀಗವನ್ನು ಸಡಿಲಿಸಬೇಕಾಗುತ್ತದೆ. ಹಾಗೆ ಮಾಡಿದೊಡನೆ ಕೆಲವು ಯಂತ್ರಗಳು ಎಲ್1ರಿಂದ ಎಲ್3ಕ್ಕೆ ಇಳಿಯುತ್ತವೆ. 2017ರ ಮೇ ತಿಂಗಳಿನಿಂದ ನೆಟ್‌ಫ್ಲಿಕ್ಸ್ ಸಹ, ಗೂಗಲಿನ ದೃಢೀಕರಣವಿಲ್ಲದ ಯಂತ್ರಗಳಿಗೆ ಪ್ಲೇ ಸ್ಟೋರಿನಲ್ಲಿ ತನ್ನ ಆಪ್ ಕಾಣದಂತೆ ಮಾಡಿತು.

ನಾಲ್ಕನೆಯ ಬಾಗಿಲು: ಲೆಕ್ಕ

ಕೊನೆಯ ಬಾಗಿಲು ಮಾತ್ರ ಭೌತಶಾಸ್ತ್ರಕ್ಕೆ ಸೇರಿದ್ದು. ಅಡಕಿದ ಮೂಟೆಯನ್ನು ಬಿಚ್ಚಿ ಪ್ರತಿ ಪಿಕ್ಸೆಲ್ಲನ್ನೂ ಮತ್ತೆ ಲೆಕ್ಕಹಾಕಿ ತೆಗೆಯಬೇಕು. ಸೆಕೆಂಡಿಗೆ 120 ಕೋಟಿ ಮಿಡಿತಗಳುಳ್ಳ ಪ್ರೊಸೆಸರ್ ಒಂದನ್ನು ತೆಗೆದುಕೊಳ್ಳೋಣ. ಮೇಲೆ ಹೇಳಿದ ಟಚ್‌ಪ್ಯಾಡಿನ ವೇಗವು ಇದೇ ಆಗಿತ್ತು. 1080 ಸಾಲುಗಳ ಚಿತ್ರದಲ್ಲಿ ಸೆಕೆಂಡಿಗೆ 20,73,600 × 25, ಅಂದರೆ 5 ಕೋಟಿ 18 ಲಕ್ಷ 40 ಸಾವಿರ ಪಿಕ್ಸೆಲ್‌ಗಳು ಬರುತ್ತವೆ. ಭಾಗಿಸಿದರೆ ಒಂದು ಪಿಕ್ಸೆಲ್ಲಿಗೆ ದೊರೆಯುವುದು ಸುಮಾರು 23 ಮಿಡಿತಗಳು. ಅಷ್ಟರೊಳಗೆ ಸಂಖ್ಯೆಗಳನ್ನು ಓದಿ, ಕೊಸೈನ್ ಅಲೆಗಳನ್ನು ಕೂಡಿಸಿ, ಹಿಂದಿನ ಫ್ರೇಮಿನಿಂದ ಭಾಗವನ್ನು ತಂದು ಸೇರಿಸಿ, ಮೂರು ಬಣ್ಣಗಳನ್ನೂ ಸಿದ್ಧಪಡಿಸಿ ಮುಗಿಸಬೇಕು. ಸಾಮಾನ್ಯ ಪ್ರೊಸೆಸರಿಗೆ ಇದು ಕಷ್ಟದ ಕೆಲಸ.

ಆದುದರಿಂದಲೇ ಈ ಕೆಲಸಕ್ಕೆಂದೇ ಮೀಸಲಾದ ಮಂಡಲವೊಂದನ್ನು ಚಿಪ್ಪಿನಲ್ಲಿ ಕೊರೆದಿರುತ್ತಾರೆ. ಇದಕ್ಕೆ ಡಿಕೋಡರ್ ಎಂದು ಹೆಸರು. ಅದು ಬೇರೇನನ್ನೂ ಮಾಡಲಾರದು; ಆದರೆ ತನ್ನ ಒಂದು ಕೆಲಸವನ್ನು ಅತ್ಯಲ್ಪ ಶಕ್ತಿಯಿಂದ ಮಾಡಿ ಮುಗಿಸುತ್ತದೆ. ಚಿಪ್ಪಿನ ಸ್ವಿಚ್ಚುಗಳು ಒಂದೊಂದು ಸಲ ತೆರೆದು ಮುಚ್ಚಿದಾಗಲೂ ಸ್ವಲ್ಪ ವಿದ್ಯುಚ್ಛಕ್ತಿ ಶಾಖವಾಗಿ ವ್ಯಯವಾಗುತ್ತದೆ. ಮೀಸಲು ಮಂಡಲದಲ್ಲಿ ಸ್ವಿಚ್ಚುಗಳ ಓಡಾಟ ಕಡಿಮೆ. ಸಾಮಾನ್ಯ ಪ್ರೊಸೆಸರಿನಲ್ಲಿ ಬಹಳ ಹೆಚ್ಚು. ಟ್ಯಾಬ್ಲೆಟ್ಟಿನಲ್ಲಿ ಪಂಖವಿಲ್ಲವಾದ್ದರಿಂದ ಶಾಖವು ಹೊರಹೋಗದೆ ಯಂತ್ರವು ಬಿಸಿಯಾಗಿ, ತನ್ನ ರಕ್ಷಣೆಗಾಗಿ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಗ ಫ್ರೇಮ್‌ಗಳು ತಪ್ಪಿಹೋಗಿ ಚಿತ್ರವು ಮುಗ್ಗರಿಸುತ್ತದೆ.

ಅಡಕುವ ಭಾಷೆಗಳೂ ಕಾಲಕಾಲಕ್ಕೆ ಬದಲಾಗುತ್ತಿವೆ. ಎಚ್.264 ಎಂಬುದು 2003ರಲ್ಲಿ ಬಂತು. ಎಚ್‌ಇವಿಸಿ ಮತ್ತು ವಿಪಿ9 ಎಂಬುವು 2013ರಲ್ಲಿ. ಎವಿ1 ಎಂಬುದು 2018ರಲ್ಲಿ. ಹೊಸ ಭಾಷೆಯಲ್ಲಿ ಮೂಟೆ ಇನ್ನೂ ಚಿಕ್ಕದಾಗುತ್ತದೆ. ಬಿಚ್ಚುವ ಲೆಕ್ಕ ಮಾತ್ರ ಇನ್ನೂ ತೊಡಕಾಗುತ್ತದೆ. 2012ರಲ್ಲಿ ಕೊರೆದ ಡಿಕೋಡರಿಗೆ 2018ರ ಭಾಷೆ ಬಾರದು, ಕಲಿಸಲೂ ಬಾರದು. ತಂತ್ರಾಂಶವನ್ನು ತಿದ್ದಬಹುದು, ಸಿಲಿಕಾನಿನ ಮೇಲೆ ಕೊರೆದದ್ದನ್ನು ತಿದ್ದಲಾಗದು. ಆದರೆ ಚಿತ್ರದ ಗಾತ್ರವನ್ನು ಕುಗ್ಗಿಸಿದರೆ ಹೊರೆ ಇಳಿಯುತ್ತದೆ. 854 ಪಿಕ್ಸೆಲ್ ಅಗಲ, 480 ಪಿಕ್ಸೆಲ್ ಎತ್ತರದ ಫ್ರೇಮಿನಲ್ಲಿರುವುದು 4,09,920 ಪಿಕ್ಸೆಲ್‌ಗಳು, ಅಂದರೆ ಸುಮಾರು ಐದನೆಯ ಒಂದು ಭಾಗ. ಆಗ ಪ್ರತಿ ಪಿಕ್ಸೆಲ್ಲಿಗೆ 23ಕ್ಕೆ ಬದಲು 117 ಮಿಡಿತಗಳು ದೊರೆಯುತ್ತವೆ.

ಪರೀಕ್ಷೆಯ ಕ್ರಮ

ಪ್ರಯೋಗಶಾಲೆಯಲ್ಲಿ ಗ್ಯಾಲ್ವನಾಮೀಟರಿನ ಮುಳ್ಳು ಅಲುಗದಿದ್ದರೆ ನಾವು ಮೀಟರನ್ನು ಎಸೆಯುವುದಿಲ್ಲ. ಕೋಶ, ಸ್ವಿಚ್ಚು, ತಂತಿ, ಜೋಡಣೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತೇವೆ. ಇಲ್ಲಿಯೂ ಅದೇ ಕ್ರಮವನ್ನು ಅನುಸರಿಸಬೇಕು.

1. ಎಚ್.264ರಲ್ಲಿ ಅಡಕಿದ, ಬೀಗವಿಲ್ಲದ ಒಂದು ಚಿತ್ರದ ಕಡತವನ್ನು ಟ್ಯಾಬ್ಲೆಟ್ಟಿಗೆ ಹಾಕಿ, ಅಂತರ್ಜಾಲದ ಸಂಪರ್ಕವನ್ನು ಕಡಿದು, ಓಡಿಸಿ ನೋಡಬೇಕು. ಸರಾಗವಾಗಿ ಓಡಿದರೆ ಆ ಭಾಷೆಯ ಮಟ್ಟಿಗೆ ನಾಲ್ಕನೆಯ ಬಾಗಿಲು ತೆರೆದಿದೆ. ಶಬ್ದ ಮುಂದೋಡಿ ಚಿತ್ರ ಹಿಂದೆ ಬಿದ್ದರೆ, ಯಂತ್ರದ ಬೆನ್ನು ಬಿಸಿಯಾದರೆ, ದೋಷವು ಇಲ್ಲಿಯೇ ಇದೆ. 480 ಸಾಲುಗಳ ಕಡತದಿಂದ ಮತ್ತೆ ಪರೀಕ್ಷಿಸಬೇಕು.

2. ದಿನಾಂಕವನ್ನು ಸರಿಪಡಿಸಿ, ಬೀಗವಿಲ್ಲದ ಪಾಠವೊಂದನ್ನು ಬ್ರೌಸರಿನಲ್ಲಿ ತೆರೆಯಬೇಕು. ‘ಸಂಪರ್ಕವು ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬಂದರೆ ಎರಡನೆಯ ಬಾಗಿಲಿನ ದೋಷ.

3. ಆಪ್ ಅಂಗಡಿಯಲ್ಲಿ ಆಪ್ ಕಾಣಿಸದೆಯೇ ಹೋದರೆ, ಅಥವಾ ಹೊಂದಿಕೆಯಾಗದು ಎಂದರೆ, ಬಹುಮಟ್ಟಿಗೆ ಮೊದಲನೆಯ ಬಾಗಿಲಿನ ದೋಷ. ಕೆಲವು ಸಲ ಅಂಗಡಿಯೇ ಹಳೆಯ ಆವೃತ್ತಿಯನ್ನು ಕೊಡುವುದುಂಟು. ಆಪ್ ಬದಲು ಬ್ರೌಸರಿನ ಮೂಲಕ ಸೇವೆಯನ್ನು ತೆರೆಯುವುದೂ ಒಂದು ದಾರಿ.

4. ಆಪ್ ತೆರೆದು, ಚಿತ್ರಗಳ ಪಟ್ಟಿಯೂ ಕಂಡು, ಓಡಿಸಿದೊಡನೆ ಮಾತ್ರ ತಪ್ಪು ಸಂದೇಶ ಬಂದರೆ, ಅಥವಾ ಒಳ್ಳೆಯ ಸಂಪರ್ಕವಿದ್ದರೂ ಚಿತ್ರವು ಸದಾ ಮಸುಕಾಗಿಯೇ ಇದ್ದರೆ, ಮೂರನೆಯ ಬಾಗಿಲನ್ನು ಶಂಕಿಸಬೇಕು.

ಏನು ಮಾಡಬಹುದು, ಏನು ಮಾಡಬಾರದು

ಮೊದಲನೆಯ ಬಾಗಿಲಿಗೆ ಸೈನೋಜೆನ್‌ಮಾಡ್ ಮಾದರಿಯ ಪರಿಹಾರ ಈಗಲೂ ಇದೆ. ಆ ಯೋಜನೆಯು 2016ರ ಡಿಸೆಂಬರಿನಲ್ಲಿ ನಿಂತ ಮೇಲೆ ಲಿನಿಯೇಜ್‌ಓಎಸ್ ಎಂಬ ಹೆಸರಿನಲ್ಲಿ ಮುಂದುವರಿದಿದೆ. ತಕ್ಕ ಟ್ಯಾಬ್ಲೆಟ್ ಇದ್ದರೆ ಇದರಿಂದ ಹೊಸ ಪ್ರಮಾಣಪತ್ರಗಳೂ ದೊರೆಯುತ್ತವೆ. ಆದರೆ ಅರ್ಧದಲ್ಲಿ ಕೆಟ್ಟರೆ ಯಂತ್ರವು ಬರಿಯ ಹಲಗೆಯಾದೀತು. ಒಳಗಿನ ಕಡತಗಳೆಲ್ಲ ಅಳಿಸಿಹೋಗುತ್ತವೆ. ಕೀಲಿಕೈಯ ದರ್ಜೆಯೂ ಇಳಿಯಬಹುದು. ಆದ್ದರಿಂದ ಮನೆಯಲ್ಲಿರುವ ಒಂದೇ ಟ್ಯಾಬ್ಲೆಟ್ಟಿನ ಮೇಲೆ ಈ ಪ್ರಯೋಗ ತರವಲ್ಲ.

ಗುರುತಿಲ್ಲದ ತಾಣಗಳಿಂದ ಆಪ್ ಕಡತಗಳನ್ನು ಇಳಿಸಿಕೊಳ್ಳಕೂಡದು. ಹಳೆಯ ತಂತ್ರಾಂಶದ ಲೋಪಗಳನ್ನು ಯಾರೂ ಮುಚ್ಚುತ್ತಿಲ್ಲವಾದ್ದರಿಂದ, ಅಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರವನ್ನು ಇಟ್ಟುಕೊಳ್ಳದಿರುವುದು ವಿವೇಕ. ಮೂರನೆಯ ಬಾಗಿಲಿನ ಬೀಗವನ್ನು ಒಡೆಯಹೋಗುವುದಂತೂ ಸಲ್ಲದು. ಕೃತಿಸ್ವಾಮ್ಯದ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆಯನ್ನು ಭೇದಿಸುವುದು 2012ರ ತಿದ್ದುಪಡಿಯ ಮೇಲೆ ನಮ್ಮ ದೇಶದಲ್ಲಿ ಅಪರಾಧವಾಗಿದೆ.

ವಿದ್ಯಾರ್ಥಿಗಳಿಗೆ ಮುಖ್ಯವಾದ ಮಾತೊಂದು ಉಳಿದಿದೆ. ಕೀಲಿಕೈಯ ತೊಡಕು ಬೀಗ ಹಾಕಿದ ಚಿತ್ರಗಳಿಗೆ ಮಾತ್ರ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಪ್ರಾರಂಭಿಸಿದ ಎನ್‌ಪಿಟಿಇಎಲ್ ಪಾಠಗಳಿಗೆ ಇಂಥ ಬೀಗವಿಲ್ಲ. ಅವುಗಳನ್ನು ಇಳಿಸಿಕೊಂಡು ನೋಡಲೂ ಅವಕಾಶವಿದೆ. ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ತಂತಿಯ ಮೂಲಕ ಟ್ಯಾಬ್ಲೆಟ್ಟಿಗೆ ಹಾಕಿದರೆ ಹೆಸರು, ಗುರುತು, ಕೀಲಿಕೈ ಎಂಬ ಮೂರು ಬಾಗಿಲುಗಳನ್ನೂ ದಾಟುವ ಅಗತ್ಯವೇ ಇಲ್ಲ. ಉಳಿಯುವುದು ಲೆಕ್ಕವೊಂದೇ, ಸಣ್ಣ ಗಾತ್ರದ ಪಾಠವಾದರೆ ಹತ್ತು ವರ್ಷದ ಹಳೆಯ ಡಿಕೋಡರೂ ಆ ಲೆಕ್ಕವನ್ನು ಮಾಡಬಲ್ಲದು. ಸಿನಿಮಾ ಸೇವೆಗೆ ಬೇಡವಾದ ಟ್ಯಾಬ್ಲೆಟ್ ಓದುವ ಮೇಜಿಗೆ ಬೇಡವಾಗಬೇಕಾಗಿಲ್ಲ. ನಿಮ್ಮ ಮನೆಯ ಮೂಲೆಯಲ್ಲಿ ಅಂಥದೊಂದು ಬಿದ್ದಿದ್ದರೆ ಅದನ್ನು ಹೊರಗೆ ತೆಗೆದು, ಧೂಳು ಒರೆಸಿ, ಮೇಲಿನ ನಾಲ್ಕು ಪರೀಕ್ಷೆಗಳನ್ನು ಮಾಡಿ ನೋಡಿರಿ.